ವಿಎಂ ಡಿಸ್ಕ್ ದೊಡ್ಡದು ಮಾಡಿದರೂ ಜಾಗ ಸಾಲುತ್ತಿಲ್ಲವೇ?

ಹನ್ನೊಂದು ಗಂಟೆಗೆ ಡೆಮೊ ಇತ್ತು. ಒಂಬತ್ತೂವರೆಗೆ ನೋಡಿದರೆ ನನ್ನ ವಿಎಂನಲ್ಲಿ (ವರ್ಚುವಲ್ ಮಷೀನ್, ಅಂದರೆ ಲ್ಯಾಪ್‌ಟಾಪಿನೊಳಗೆ ಸಾಫ್ಟ್‌ವೇರ್ ಆಗಿ ಓಡುವ ಇನ್ನೊಂದು ಕಂಪ್ಯೂಟರ್) ಪೋಸ್ಟ್‌ಗ್ರೆಸ್ ಡೇಟಾಬೇಸ್ ನಿಂತುಹೋಗಿದೆ. ಲಾಗ್ ತುಂಬಾ ಒಂದೇ ಸಾಲು, 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್'. ವಿಎಂ ಆಫ್ ಮಾಡಿದೆ. ವಿಎಂ ಓಡಿಸುವ ಸಾಫ್ಟ್‌ವೇರ್ ಆದ ವರ್ಚುವಲ್‌ಬಾಕ್ಸ್‌ನಲ್ಲಿ 30 ಜಿಬಿ ಇದ್ದ ಡಿಸ್ಕನ್ನು 60 ಜಿಬಿಗೆ ಏರಿಸಿದೆ. ಮತ್ತೆ ಆನ್ ಮಾಡಿದರೆ ಅದೇ ಎರರ್. ಒಳಗೆ ಹೋಗಿ ಲೆಕ್ಕ ನೋಡಿದರೆ ರೂಟ್ ಫೈಲ್‌ಸಿಸ್ಟಮ್ (ಸಿಸ್ಟಮ್ ಫೈಲ್‌ಗಳೆಲ್ಲ ಇರುವ ಮುಖ್ಯ ಜಾಗ) ಇನ್ನೂ 14 ಜಿಬಿಯಲ್ಲೇ ಕೂತಿತ್ತು. ಆವತ್ತು ಡೆಮೊ ಮುಂದೂಡಬೇಕಾಯಿತು.

ಆಮೇಲೆ ತಿಳಿದ ಸಂಗತಿ ಇನ್ನೂ ಬೇಸರ ತಂದಿತು. ಡಿಸ್ಕ್ ಹಿಗ್ಗಿಸುವ ಅಗತ್ಯವೇ ಇರಲಿಲ್ಲ. ಹಳೆಯ 30 ಜಿಬಿಯಲ್ಲೇ ಸುಮಾರು 14 ಜಿಬಿ ಯಾರೂ ಮುಟ್ಟದೆ ಬಿದ್ದಿತ್ತು. ಎಲ್ಲಿ ಬಿದ್ದಿದೆ ಅಂತ ನೋಡುವುದು ನನಗೆ ಗೊತ್ತಿರಲಿಲ್ಲ, ಅಷ್ಟೆ. ನಿಮಗೆ ಆ ಬೆಳಗ್ಗೆ ಬರಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ ವರ್ಚುವಲ್‌ಬಾಕ್ಸ್ ಮತ್ತು ಅದರೊಳಗೆ ಉಬುಂಟು ಸರ್ವರ್ ಎಂಬ ಲಿನಕ್ಸ್ ತೆಗೆದುಕೊಂಡಿದ್ದೇನೆ. ಬೇರೆ ಸಾಫ್ಟ್‌ವೇರ್‌ನಲ್ಲಿ ಬಟನ್ ಬೇರೆ ಇರಬಹುದು, ಪದರಗಳು ಇವೇ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಬಹುತೇಕ ಎಲ್ಲದಕ್ಕೂ ಮುಂದೆ ಸುಡೊ (ಅಡ್ಮಿನ್ ಅಧಿಕಾರದಲ್ಲಿ ಓಡಿಸು ಎಂಬ ಪದ) ಬೇಕು.

ಮೊದಲು ಪದರಗಳನ್ನು ನೋಡಿ

ನಿಮ್ಮ ಮನೆ ಪಕ್ಕದ ಸೈಟ್ ಕೊಂಡಿರಿ ಅಂದುಕೊಳ್ಳಿ. ಪತ್ರ ನಿಮ್ಮ ಹೆಸರಿಗೆ ಬಂತು. ಆದರೆ ಕಾಂಪೌಂಡ್ ಗೋಡೆ ಹಳೇ ಜಾಗದಲ್ಲೇ ಇದೆ. ಮನೆಯೂ ಅಷ್ಟೇ ಇದೆ. ಸೈಟ್ ದೊಡ್ಡದಾದ ಮಾತ್ರಕ್ಕೆ ಅಡುಗೆಮನೆ ದೊಡ್ಡದಾಗುವುದಿಲ್ಲ, ಅಲ್ವಾ? ಗೋಡೆ ಒಡೆದು ಆಚೆ ಕಟ್ಟಬೇಕು. ಆಮೇಲೆ ಮನೆ ವಿಸ್ತರಿಸಬೇಕು.

ವಿಎಂ ಡಿಸ್ಕ್ ಕೂಡ ಹೀಗೇ. ಎಲ್ಲಕ್ಕಿಂತ ಹೊರಗೆ ನಿಮ್ಮ ಲ್ಯಾಪ್‌ಟಾಪಿನ ನಿಜವಾದ ಡಿಸ್ಕ್. ಅದರ ಮೇಲೆ ಒಂದು ಫೈಲ್. ವರ್ಚುವಲ್‌ಬಾಕ್ಸ್‌ನಲ್ಲಿ ಇದು ಸಾಮಾನ್ಯವಾಗಿ ವಿಡಿಐ ಫೈಲ್. ವಿಎಂ ಈ ಫೈಲನ್ನೇ ತನ್ನ ಹಾರ್ಡ್ ಡಿಸ್ಕ್ ಎಂದು ನಂಬಿಕೊಂಡಿದೆ. ಅದರೊಳಗೆ ಪಾರ್ಟಿಷನ್, ಅಂದರೆ ಡಿಸ್ಕಿನ ಒಂದು ಭಾಗ. ಉಬುಂಟು ಸರ್ವರ್ ಹಾಕುವಾಗ ಏನೂ ಬದಲಿಸದೆ ಮುಂದೆ ಮುಂದೆ ಒತ್ತಿದ್ದರೆ, ಪಾರ್ಟಿಷನ್ ಒಳಗೆ ಎಲ್‌ವಿಎಂ ಎಂಬ ಇನ್ನೊಂದು ಪದರ, ಅದು ಜಾಗವನ್ನು ಎಲ್‌ವಿ ಎಂಬ ತುಂಡುಗಳಾಗಿ ಹಂಚುತ್ತದೆ. ಕೊನೆಗೆ ಫೈಲ್‌ಗಳನ್ನು ಜೋಡಿಸಿಡುವ ಎಕ್ಸ್‌ಟ್4 ಫೈಲ್‌ಸಿಸ್ಟಮ್. ನಿಮ್ಮ ಕೋಡ್, ಡೇಟಾಬೇಸ್, ಡಾಕರ್ ಇಮೇಜ್ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಗಳಲ್ಲಿ ಓಡಿಸುವ ಡಾಕರ್‌ನ ಫೈಲ್‌ಗಳು) ಎಲ್ಲ ಇರುವುದು ಇಲ್ಲಿ.

ಹಿಗ್ಗಿಸುವಾಗ ಹೊರಗಿನಿಂದ ಒಳಕ್ಕೆ ಹೋಗಬೇಕು. ಕುಗ್ಗಿಸುವಾಗ ಒಳಗಿನಿಂದ ಹೊರಕ್ಕೆ. ಈ ಕ್ರಮ ತಪ್ಪಿಸಬೇಡಿ. ಒಳಗೆ ಮನೆ ಇರುವಾಗಲೇ ಸೈಟ್ ಕತ್ತರಿಸಿದರೆ ಡೇಟಾ ಹೋಗುತ್ತದೆ.

ತುಂಬಿರುವುದು ಯಾವುದು?

ವಿಎಂ ಒಳಗೆ ಎರಡು ಕಮಾಂಡ್ ಓಡಿಸಿ. ಮೊದಲನೆಯದು ಎಲ್ಎಸ್‌ಬಿಎಲ್‌ಕೆ. ಇದು ಡಿಸ್ಕ್, ಪಾರ್ಟಿಷನ್, ಎಲ್‌ವಿಎಂ ಎಲ್ಲವನ್ನೂ ಮರದ ಕೊಂಬೆಗಳಂತೆ ತೋರಿಸುತ್ತದೆ. ಎರಡನೆಯದು ಡಿಎಫ್ ಹೈಫನ್ ಎಚ್. ಇದು ಫೈಲ್‌ಸಿಸ್ಟಮ್ ಎಷ್ಟು ತುಂಬಿದೆ ಎಂದು ಹೇಳುತ್ತದೆ. ಎರಡರ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎಸ್‌ಡಿಎ (ಇಡೀ ಡಿಸ್ಕ್) 60 ಜಿಬಿ, ಎಸ್‌ಡಿಎ3 (ಅದರ ಮೂರನೇ ಪಾರ್ಟಿಷನ್) 28 ಜಿಬಿ, ಅದರ ಕೆಳಗಿನ ಉಬುಂಟು ಎಲ್‌ವಿ 14 ಜಿಬಿ. ನನ್ನ ವಿಎಂ ತೋರಿಸಿದ್ದು ಇದನ್ನೇ. ಅಂಕಿ ಎಲ್ಲಿ ಇಳಿಯುತ್ತದೋ ಅಲ್ಲೇ ಗೋಡೆ ನಿಂತಿದೆ. ನನ್ನಲ್ಲಿ ಎರಡು ಗೋಡೆ ಇದ್ದವು.

ಎರಡನೇ ಗೋಡೆ ಬಂದದ್ದು ಉಬುಂಟು ಸರ್ವರ್ ಇನ್‌ಸ್ಟಾಲರ್‌ನಿಂದ. ಎಲ್‌ವಿಎಂ ಆಯ್ಕೆ ಇದ್ದಾಗ ಅದು ಸಿಕ್ಕ ಜಾಗವನ್ನೆಲ್ಲ ರೂಟ್‌ಗೆ ಕೊಡುವುದಿಲ್ಲ. ಸಿಗುವ ಜಾಗ 20ರಿಂದ 200 ಜಿಬಿ ನಡುವೆ ಇದ್ದರೆ ಅರ್ಧ ಮಾತ್ರ ಕೊಡುತ್ತದೆ. 200 ದಾಟಿದರೆ 100 ಜಿಬಿಗೆ ನಿಲ್ಲಿಸುತ್ತದೆ. ಉಳಿದದ್ದು ಮುಂದೆ ಬೇಕಾದಾಗ ಬಳಸಲಿ ಅಂತ ಖಾಲಿ ಬಿಡುತ್ತದೆ. ದೊಡ್ಡ ಸರ್ವರ್‌ಗಳಿಗೆ ಇದು ಒಳ್ಳೆಯ ನಡೆ. ಡೆವಲಪ್‌ಮೆಂಟ್ ವಿಎಂಗೆ ಬೇಡದ ತಲೆನೋವು. ವಿಜಿಎಸ್ ಎಂಬ ಕಮಾಂಡ್ ಓಡಿಸಿ, ವಿಫ್ರೀ ಎಂಬ ಕಾಲಂ ನೋಡಿದರೆ ಹೀಗೆ ಬಿದ್ದಿರುವ ಜಾಗ ಗೊತ್ತಾಗುತ್ತದೆ.

ಇನ್ನೂ ಮೂರು ಸಂದರ್ಭಗಳಲ್ಲಿ ಜನ ಮೋಸ ಹೋಗುತ್ತಾರೆ. ಡಿಎಫ್ ಜಾಗ ಇದೆ ಎನ್ನುತ್ತದೆ, ಫೈಲ್ ಮಾತ್ರ ಬರೆಯಲಾಗುವುದಿಲ್ಲ. ಆಗ ಡಿಎಫ್ ಹೈಫನ್ ಐ ಓಡಿಸಿ. ಐನೋಡ್ (ಪ್ರತಿ ಫೈಲಿಗೂ ಬೇಕಾದ ದಾಖಲೆಯ ಸ್ಥಾನ) ಮುಗಿದಿರಬಹುದು. ಎಕ್ಸ್‌ಟ್4ನಲ್ಲಿ ಎಷ್ಟು ಫೈಲ್ ಇಡಬಹುದು ಎಂಬುದು ಫಾರ್ಮ್ಯಾಟ್ ಮಾಡುವಾಗಲೇ ನಿಶ್ಚಯವಾಗುತ್ತದೆ. ಜಾವಾಸ್ಕ್ರಿಪ್ಟ್ ಲೈಬ್ರರಿಗಳು ಸೇರುವ ನೋಡ್ ಮಾಡ್ಯೂಲ್ಸ್ ಫೋಲ್ಡರ್‌ಗಳು ಹತ್ತಿಪ್ಪತ್ತು ಪ್ರಾಜೆಕ್ಟ್‌ಗಳಲ್ಲಿ ಸೇರಿಕೊಂಡರೆ ಪುಟ್ಟ ಪುಟ್ಟ ಫೈಲ್‌ಗಳೇ ಲಕ್ಷಗಟ್ಟಲೆ. ಎರಡನೆಯದು, ದೊಡ್ಡ ಲಾಗ್ ಫೈಲ್ ಅಳಿಸಿದರೂ ಜಾಗ ವಾಪಸ್ ಬರುವುದಿಲ್ಲ. ಯಾವುದೋ ಪ್ರೋಗ್ರಾಂ ಆ ಫೈಲನ್ನು ಇನ್ನೂ ಹಿಡಿದುಕೊಂಡಿರುತ್ತದೆ. ಎಲ್ಎಸ್‌ಒಎಫ್ ಪ್ಲಸ್ ಎಲ್1 ಎಂದು ಕೊಟ್ಟರೆ ಹೆಸರು ಹೇಳುತ್ತದೆ. ಆ ಪ್ರೋಗ್ರಾಂ ರೀಸ್ಟಾರ್ಟ್ ಮಾಡಿದರೆ ಸಾಕು. ಮೂರನೆಯದು ಹೋಸ್ಟ್ (ವಿಎಂ ಓಡಿಸುವ ನಿಮ್ಮ ಲ್ಯಾಪ್‌ಟಾಪ್) ಡಿಸ್ಕೇ ತುಂಬುವುದು. ಆಗ ವರ್ಚುವಲ್‌ಬಾಕ್ಸ್ ಒಂದು ಎಚ್ಚರಿಕೆ ತೋರಿಸಿ ವಿಎಂ ಅನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತದೆ (ಪಾಸ್). ಗಾಬರಿಯಾಗಿ ಪವರ್ ಆಫ್ ಮಾಡಬೇಡಿ. ಲ್ಯಾಪ್‌ಟಾಪಿನಲ್ಲಿ ಒಂದಿಷ್ಟು ಜಾಗ ಖಾಲಿ ಮಾಡಿ, ಪಾಸ್ ತೆಗೆಯಿರಿ. ವಿಎಂ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಹಿಗ್ಗಿಸುವುದು ಹೇಗೆ

ಶುರು ಮಾಡುವ ಮೊದಲು ಎರಡು ಕೆಲಸ ಇವೆ. ಒಂದು ಬ್ಯಾಕಪ್. ಕನಿಷ್ಠ ಡೇಟಾಬೇಸ್ ಡಂಪ್ (ಎಲ್ಲ ಡೇಟಾದ ಫೈಲ್ ನಕಲು) ತೆಗೆದು ವಿಎಂನಿಂದ ಹೊರಗೆ ಇಡಿ. ಇನ್ನೊಂದು, ಒಳಗೆ ಸ್ವಲ್ಪ ಉಸಿರಾಡಲು ಜಾಗ ಮಾಡುವುದು. ನೂರಕ್ಕೆ ನೂರು ತುಂಬಿದ ಡಿಸ್ಕ್‌ನಲ್ಲಿ ಹಿಗ್ಗಿಸುವ ಕಮಾಂಡ್‌ಗಳೇ ಸೋಲಬಹುದು. ಪಾರ್ಟಿಷನ್ ಹಿಗ್ಗಿಸುವ ಗ್ರೋಪಾರ್ಟ್ ಟೆಂಪ್ ಫೋಲ್ಡರ್‌ನಲ್ಲಿ ಚಿಕ್ಕ ಫೈಲ್ ಬರೆಯಬೇಕು, ಎಲ್‌ವಿಎಂ ತನ್ನ ಹಳೇ ವಿವರವನ್ನು ಇಟಿಸಿ ಫೋಲ್ಡರ್‌ನಲ್ಲಿ ಉಳಿಸಬೇಕು. ಅದಕ್ಕೂ ಜಾಗ ಇಲ್ಲದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಆಪ್ಟ್ ಕ್ಲೀನ್ ಓಡಿಸಿ. ಜರ್ನಲ್‌ಸಿಟಿಎಲ್‌ಗೆ ವ್ಯಾಕ್ಯೂಮ್ ಸೈಜ್ 100 ಎಂ ಎಂದು ಕೊಡಿ. ಇಷ್ಟಕ್ಕೇ ಸಾಮಾನ್ಯವಾಗಿ ನೂರಾರು ಎಂಬಿ ಸಿಗುತ್ತದೆ.

ಈಗ ವಿಎಂ ಅನ್ನು ಪೂರ್ತಿ ಶಟ್‌ಡೌನ್ ಮಾಡಿ. ಸೇವ್ಡ್ ಸ್ಟೇಟ್ ಸಾಲದು. ವರ್ಚುವಲ್‌ಬಾಕ್ಸ್‌ನ ಮೀಡಿಯಾ ಮ್ಯಾನೇಜರ್ ತೆರೆಯಿರಿ. ನಿಮ್ಮ ಡಿಸ್ಕ್ ಆರಿಸಿ, ಸೈಜ್ ಸ್ಲೈಡರ್ ಎಳೆದು ಅಪ್ಲೈ ಒತ್ತಿ. ಇಲ್ಲಿ ಹಿಗ್ಗಿಸಬಹುದು ಅಷ್ಟೇ, ಕುಗ್ಗಿಸಲು ಬರುವುದಿಲ್ಲ. ಆದ್ದರಿಂದ ಒಂದೇ ಸಲ ಜಾಸ್ತಿ ಎಳೆಯಬೇಡಿ. ವಿಡಿಐ ಮತ್ತು ವಿಎಚ್‌ಡಿ ಇದಕ್ಕೆ ಒಗ್ಗುತ್ತವೆ. ನಿಮ್ಮದು ವಿಎಂಡಿಕೆ ಆಗಿದ್ದು ಹಿಗ್ಗಲು ಒಪ್ಪದಿದ್ದರೆ, ಅದೇ ಮ್ಯಾನೇಜರ್‌ನಲ್ಲಿ ಕಾಪಿ ಬಟನ್ ಒತ್ತಿ ವಿಡಿಐ ಆಗಿ ನಕಲು ಮಾಡಿ, ಆ ನಕಲನ್ನು ವಿಎಂಗೆ ಜೋಡಿಸಿ.

ಸ್ನ್ಯಾಪ್‌ಶಾಟ್ (ಬೇಕಾದರೆ ಹಿಂದಿರುಗಲು ಉಳಿಸಿಟ್ಟ ವಿಎಂನ ಒಂದು ಕ್ಷಣದ ಸ್ಥಿತಿ) ಇದ್ದರೆ ಇಲ್ಲೇ ಸ್ವಲ್ಪ ನಿಲ್ಲಿ. ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಿಂದ ಹಳೇ ಫೈಲಿಗೆ ಬರೆಯುವುದು ನಿಲ್ಲುತ್ತದೆ. ಹೊಸ ಬದಲಾವಣೆಗಳು ಬೇರೊಂದು ಫೈಲಿಗೆ ಹೋಗುತ್ತವೆ. ನೀವು ಮೂಲ ಫೈಲನ್ನು ಮಾತ್ರ ಹಿಗ್ಗಿಸಿದರೆ, ವಿಎಂ ನಿಜವಾಗಿ ಬಳಸುತ್ತಿರುವ ಮೇಲಿನ ಫೈಲ್ ಹಳೇ ಅಳತೆಯಲ್ಲೇ ಇರುತ್ತದೆ. ಬೇಡದ ಸ್ನ್ಯಾಪ್‌ಶಾಟ್‌ಗಳನ್ನು ಮೊದಲು ಅಳಿಸಿ, ಆಮೇಲೆ ಹಿಗ್ಗಿಸಿ. ಅದೇ ಸುಲಭದ ದಾರಿ.

ವಿಎಂ ಆನ್ ಮಾಡಿ. ಈಗ ಎಲ್ಎಸ್‌ಬಿಎಲ್‌ಕೆಯಲ್ಲಿ ಎಸ್‌ಡಿಎ ಹೊಸ ಅಳತೆ ತೋರಿಸಬೇಕು. ಸೈಟ್ ಸಿಕ್ಕಿತು. ಮುಂದೆ ಕಾಂಪೌಂಡ್. ಗ್ರೋಪಾರ್ಟ್, ಡೆವ್ ಎಸ್‌ಡಿಎ, ಒಂದು ಸ್ಪೇಸ್, 3. ಆ ಸ್ಪೇಸ್ ಮರೆಯಬೇಡಿ. ಎಸ್‌ಡಿಎ ಮತ್ತು 3 ಬೇರೆಬೇರೆ ಬರಬೇಕು, ಒಂದು ಡಿಸ್ಕಿನ ಹೆಸರು, ಇನ್ನೊಂದು ಪಾರ್ಟಿಷನ್ ಸಂಖ್ಯೆ. ನಿಮ್ಮ ಸಂಖ್ಯೆ 3 ಅಲ್ಲದೆ 2 ಇರಬಹುದು, ನೋಡಿಕೊಂಡು ಹಾಕಿ. ಕಮಾಂಡ್ ಇಲ್ಲ ಎಂದು ಬಂದರೆ ಕ್ಲೌಡ್ ಗೆಸ್ಟ್ ಯುಟಿಲ್ಸ್ ಪ್ಯಾಕೇಜ್ ಹಾಕಿಕೊಳ್ಳಿ. ಒಂದು ಷರತ್ತು ಇದೆ. ಆ ಪಾರ್ಟಿಷನ್ ಡಿಸ್ಕಿನ ಕೊನೆಯದಾಗಿರಬೇಕು. ಅದರ ನಂತರ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ) ಪಾರ್ಟಿಷನ್ ಕೂತಿದ್ದರೆ ಹಿಗ್ಗಲು ದಾರಿ ಇಲ್ಲ.

ನಂತರ ಪಿವಿರೀಸೈಜ್, ಡೆವ್ ಎಸ್‌ಡಿಎ3. ಇಲ್ಲಿ ಸ್ಪೇಸ್ ಇಲ್ಲ. ಪಾರ್ಟಿಷನ್ ಬೆಳೆದಿದೆ ಎಂದು ಎಲ್‌ವಿಎಂಗೆ ಹೇಳುವ ಕಮಾಂಡ್ ಇದು.

ಕೊನೆಗೆ ಎಲ್‌ವಿಎಕ್ಸ್‌ಟೆಂಡ್. ಹೈಫನ್ ಆರ್, ಆಮೇಲೆ ಸಣ್ಣಕ್ಷರದ ಹೈಫನ್ ಎಲ್, ಪ್ಲಸ್ 100 ಪರ್ಸೆಂಟ್ ಫ್ರೀ, ಕೊನೆಗೆ ಉಬುಂಟು ಎಲ್‌ವಿಯ ಪೂರ್ತಿ ದಾರಿ. ಇದರಲ್ಲಿ ಹೈಫನ್ ಆರ್ ತುಂಬಾ ಉಪಕಾರಿ. ಎಲ್‌ವಿ ಬೆಳೆಸಿ, ಅದರೊಳಗಿನ ಫೈಲ್‌ಸಿಸ್ಟಮ್ ಅನ್ನೂ ಜೊತೆಗೇ ಬೆಳೆಸುತ್ತದೆ. ಅದನ್ನು ಬಿಟ್ಟರೆ ರೀಸೈಜ್2ಎಫ್ಎಸ್ ಬೇರೆಯಾಗಿ ಓಡಿಸಬೇಕು. ಎಲ್‌ವಿಎಂ ಇಲ್ಲದ ವಿಎಂ ಆದರೆ ಗ್ರೋಪಾರ್ಟ್ ಆದ ಮೇಲೆ ನೇರ ರೀಸೈಜ್2ಎಫ್ಎಸ್. ವಿಎಂ ಓಡುತ್ತಿರುವಾಗಲೇ, ಯಾವುದನ್ನೂ ಅನ್‌ಮೌಂಟ್ ಮಾಡದೆ (ಸಿಸ್ಟಮ್‌ನಿಂದ ಬಿಡಿಸದೆ) ಇದೆಲ್ಲ ಆಗುತ್ತದೆ.

ವಿಫ್ರೀ ಕಾಲಂನಲ್ಲಿ ಮೊದಲೇ ಜಾಗ ಕಂಡವರಿಗೆ ಈ ಕೊನೆಯ ಕಮಾಂಡ್ ಒಂದೇ ಸಾಕು. ರೀಬೂಟ್ ಕೂಡ ಬೇಡ. ಡೆಮೊ ದಿನ ನಾನು ಮಾಡಬೇಕಿದ್ದದ್ದು ಅಷ್ಟೇ.

ಹೊಸ ವಿಎಂ ಮಾಡುವಾಗ

ಡಿಸ್ಕ್ ಡೈನಾಮಿಕ್ ಬೇಕೋ, ಫಿಕ್ಸೆಡ್ ಬೇಕೋ ಎಂದು ವರ್ಚುವಲ್‌ಬಾಕ್ಸ್‌ನಲ್ಲಿ ಆರಿಸಬಹುದು. ಫಿಕ್ಸೆಡ್ ಆದರೆ 60 ಜಿಬಿ ಅಂದ ತಕ್ಷಣ ಅಷ್ಟೂ ಜಾಗ ಲ್ಯಾಪ್‌ಟಾಪಿನಿಂದ ಹೋಗುತ್ತದೆ. ಡೈನಾಮಿಕ್ ಆದರೆ ಫೈಲ್ ಚಿಕ್ಕದಾಗಿ ಶುರುವಾಗಿ, ನೀವು ಬರೆದಂತೆ ಬೆಳೆಯುತ್ತದೆ. ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪಿನಲ್ಲಿ ದಿನನಿತ್ಯದ ಕೆಲಸಕ್ಕೆ ಡೈನಾಮಿಕ್ ಸಾಕು ಎಂಬುದು ನನ್ನ ಅನುಭವ. ಆದರೆ ಲೆಕ್ಕ ಇಟ್ಟುಕೊಳ್ಳಿ. 256 ಜಿಬಿ ಲ್ಯಾಪ್‌ಟಾಪಿನಲ್ಲಿ ತಲಾ 100 ಜಿಬಿಯ ಮೂರು ಡೈನಾಮಿಕ್ ವಿಎಂ ಮಾಡಲು ಯಾರೂ ಅಡ್ಡ ಬರುವುದಿಲ್ಲ. ಮೂರೂ ಬೆಳೆದ ದಿನ ಹೋಸ್ಟ್ ತುಂಬುತ್ತದೆ.

ವಿಡಿಐ ಫೈಲ್ ಇರುವ ಫೋಲ್ಡರನ್ನು ಕ್ಲೌಡ್ ಸಿಂಕ್ ಆಗುವ ಜಾಗದಲ್ಲಿ ಇಡಬೇಡಿ. ಒಳಗೆ ಒಂದು ಸಾಲು ಬದಲಾದರೂ ಹತ್ತಾರು ಜಿಬಿಯ ಫೈಲ್ ಬದಲಾಯಿತು ಎಂದು ಸಿಂಕ್ ಶುರುವಾಗುತ್ತದೆ. ಎಕ್ಸ್‌ಟರ್ನಲ್ ಡ್ರೈವ್‌ನಲ್ಲಿ ಇಡುವುದಾದರೆ ಅದು ಫ್ಯಾಟ್32 ಆಗಿರಬಾರದು. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ.

ಕೋಡ್ ಎಲ್ಲಿ ಇಡಬೇಕು ಎಂಬ ಪ್ರಶ್ನೆಯೂ ಡಿಸ್ಕಿಗೆ ಸೇರಿದ್ದೇ. ತುಂಬಾ ಜನ ಹೋಸ್ಟ್‌ನ ಫೋಲ್ಡರನ್ನು ಶೇರ್ಡ್ ಫೋಲ್ಡರ್ ಮಾಡಿ ಒಳಗೆ ಬಳಸುತ್ತಾರೆ. ನೋಡಲು ಅನುಕೂಲ. ಆದರೆ ಸಣ್ಣ ಫೈಲ್‌ಗಳು ಜಾಸ್ತಿ ಇದ್ದಾಗ ಅದು ತುಂಬಾ ನಿಧಾನ. ಹೋಸ್ಟ್‌ನಲ್ಲಿ ಫೈಲ್ ಬದಲಿಸಿದ ಸುದ್ದಿ ಒಳಗಿನ ಲಿನಕ್ಸ್‌ಗೆ ತಲುಪುವುದಿಲ್ಲ, ಹಾಗಾಗಿ ಆಟೋ ರೀಲೋಡ್ ಕೆಲಸ ಮಾಡುವುದಿಲ್ಲ. ಸಿಮ್‌ಲಿಂಕ್ (ಬೇರೆ ಫೈಲನ್ನು ತೋರಿಸುವ ಕೊಂಡಿ) ಕೂಡ ಸೆಟ್ಟಿಂಗ್ ಬದಲಿಸದೆ ಸುಮ್ನೆ ಬಿಟ್ಟರೆ ಕೆಲಸ ಮಾಡುವುದಿಲ್ಲ. ಕೋಡನ್ನು ವಿಎಂನ ಡಿಸ್ಕಿನಲ್ಲೇ ಇಟ್ಟು, ಎಡಿಟರ್‌ನಿಂದ ಎಸ್‌ಎಸ್‌ಎಚ್ (ಇನ್ನೊಂದು ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ದಾರಿ) ಮೂಲಕ ತೆರೆಯಿರಿ. ಒಮ್ಮೆ ಈ ಅಭ್ಯಾಸ ಆದರೆ ವಾಪಸ್ ಹೋಗಲು ಮನಸ್ಸಾಗುವುದಿಲ್ಲ.

ಡೇಟಾಗೆ ಬೇರೆ ಡಿಸ್ಕ್ ಕೊಡಿ

ಈ ಲೇಖನದಲ್ಲಿ ಒಂದೇ ಒಂದು ವಿಷಯ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಸಿಸ್ಟಮ್‌ಗೆ ಒಂದು ಡಿಸ್ಕ್, ಡೇಟಾಗೆ ಇನ್ನೊಂದು. ಉಬುಂಟು ಹಾಳಾದರೆ ಹೊಸ ವಿಎಂ ಕಟ್ಟಿ, ಡೇಟಾ ಡಿಸ್ಕನ್ನು ಬಿಚ್ಚಿ ಅದಕ್ಕೆ ಜೋಡಿಸಬಹುದು. ಡಾಕರ್ ಎಷ್ಟೇ ಉಬ್ಬಿದರೂ ರೂಟ್ ಉಸಿರುಗಟ್ಟುವುದಿಲ್ಲ, ಲಾಗಿನ್ ಆಗುತ್ತದೆ, ಸರಿ ಮಾಡಲು ದಾರಿ ಇರುತ್ತದೆ.

ವಿಎಂ ಆಫ್ ಇರುವಾಗ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್‌ಗೆ ಹೋಗಿ ಸಾಟಾ ಕಂಟ್ರೋಲರ್ ಕೆಳಗೆ ಹೊಸ ಹಾರ್ಡ್ ಡಿಸ್ಕ್ ಸೇರಿಸಿ. ಒಳಗೆ ಅದು ಎಸ್‌ಡಿಬಿ ಆಗಿ ಕಾಣುತ್ತದೆ. ಎಲ್ಎಸ್‌ಬಿಎಲ್‌ಕೆಯಲ್ಲಿ ಅಳತೆ ನೋಡಿ, ಅದೇ ಖಾಲಿ ಡಿಸ್ಕ್ ಎಂದು ಖಚಿತ ಮಾಡಿಕೊಳ್ಳಿ. ಮುಂದಿನ ಕಮಾಂಡ್ ಕೊಟ್ಟ ಡಿಸ್ಕನ್ನು ಒರೆಸಿಹಾಕುತ್ತದೆ. ಎಂಕೆಎಫ್ಎಸ್ ಡಾಟ್ ಎಕ್ಸ್‌ಟ್4, ದೊಡ್ಡಕ್ಷರದ ಹೈಫನ್ ಎಲ್, ಡೇಟಾ ಎಂಬ ಲೇಬಲ್, ಡೆವ್ ಎಸ್‌ಡಿಬಿ. ಪಾರ್ಟಿಷನ್ ಮಾಡದೆ ಇಡೀ ಡಿಸ್ಕಿಗೆ ನೇರವಾಗಿ ಫೈಲ್‌ಸಿಸ್ಟಮ್ ಹಾಕಿದ್ದನ್ನು ಗಮನಿಸಿ. ಇದು ಬೇಕೆಂದೇ ಮಾಡಿದ್ದು. ನಾಳೆ ಹಿಗ್ಗಿಸುವಾಗ ಗ್ರೋಪಾರ್ಟ್ ಇಲ್ಲ, ಎಲ್‌ವಿಎಂ ಇಲ್ಲ. ವರ್ಚುವಲ್‌ಬಾಕ್ಸ್‌ನಲ್ಲಿ ಸ್ಲೈಡರ್ ಎಳೆದು ಒಳಗೆ ರೀಸೈಜ್2ಎಫ್ಎಸ್ ಓಡಿಸಿದರೆ ಮುಗಿಯಿತು.

ಆಮೇಲೆ ಎಫ್ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಯಾವ ಡಿಸ್ಕನ್ನು ಯಾವ ಫೋಲ್ಡರ್‌ಗೆ ಜೋಡಿಸಬೇಕು, ಅಂದರೆ ಮೌಂಟ್ ಮಾಡಬೇಕು ಎಂದು ಹೇಳುವ ಫೈಲ್) ಒಂದು ಸಾಲು. ಅಲ್ಲಿ ಎಸ್‌ಡಿಬಿ ಎಂಬ ಹೆಸರು ಬರೆಯಬೇಡಿ. ಡಿಸ್ಕ್ ಜೋಡಿಸಿದ ಕ್ರಮ ಬದಲಾದರೆ ಆ ಹೆಸರೂ ಬದಲಾಗುತ್ತದೆ. ಲೇಬಲ್ ಈಕ್ವಲ್ಸ್ ಡೇಟಾ ಎಂದು ಬರೆಯಿರಿ, ಆಪ್ಷನ್‌ನಲ್ಲಿ ನೋಫೇಲ್ ಸೇರಿಸಿ. ನೋಫೇಲ್ ಇದ್ದರೆ ಡಿಸ್ಕ್ ಇಲ್ಲದಿದ್ದಾಗಲೂ ವಿಎಂ ಬೂಟ್ ಆಗುತ್ತದೆ. ರೀಬೂಟ್ ಮಾಡುವ ಮೊದಲು ಮೌಂಟ್ ಹೈಫನ್ ಎ ಓಡಿಸಿ ಪರೀಕ್ಷಿಸಿ. ಎಫ್ಎಸ್‌ಟ್ಯಾಬ್ ತಪ್ಪಿದ್ದರೆ ಈಗಲೇ ಗೊತ್ತಾಗಲಿ.

ಡಾಕರ್ ಅನ್ನು ಇಲ್ಲಿಗೆ ತರಲು ಅದರ ಡೀಮನ್ ಡಾಟ್ ಜೇಸನ್ ಫೈಲ್‌ನಲ್ಲಿ ಡೇಟಾ ರೂಟ್ ಎಂಬುದಕ್ಕೆ ಹೊಸ ಫೋಲ್ಡರ್ ಕೊಡಬೇಕು. ಹೊಸ ಆವೃತ್ತಿಗಳಲ್ಲಿ ಇಮೇಜ್‌ಗಳು ಕಂಟೇನರ್‌ಡಿ ಫೋಲ್ಡರ್‌ನಲ್ಲೂ ಇರಬಹುದು. ಡಿಯು ಹೈಫನ್ ಎಸ್ಎಚ್ ಕೊಟ್ಟು ಯಾವುದು ದೊಡ್ಡದಿದೆ ಎಂದು ನೋಡಿಯೇ ಸ್ಥಳ ಬದಲಿಸಿ. ನೋಫೇಲ್‌ನ ಒಂದು ಅಡ್ಡಪರಿಣಾಮವೂ ಗೊತ್ತಿರಲಿ. ಡೇಟಾ ಡಿಸ್ಕ್ ಮೌಂಟ್ ಆಗದೆ ಡಾಕರ್ ಶುರುವಾದರೆ, ಅದು ಖಾಲಿ ಫೋಲ್ಡರ್ ನೋಡಿ ಹೊಸದಾಗಿ ಶುರು ಮಾಡುತ್ತದೆ. ಕಂಟೇನರ್‌ಗಳೆಲ್ಲ ಮಾಯವಾದವು ಎಂದು ಎದೆ ಧಸಕ್ಕೆನ್ನುತ್ತದೆ. ಡೇಟಾ ಎಲ್ಲೂ ಹೋಗಿರುವುದಿಲ್ಲ. ಡಾಕರ್ ನಿಲ್ಲಿಸಿ, ಡಿಸ್ಕ್ ಮೌಂಟ್ ಮಾಡಿ, ಮತ್ತೆ ಶುರು ಮಾಡಿ. ಡಾಕರ್‌ನ ಸಿಸ್ಟಮ್‌ಡಿ ಯೂನಿಟ್‌ಗೆ (ಅದನ್ನು ಶುರು ಮಾಡುವ ಸೆಟ್ಟಿಂಗ್ ಫೈಲ್) ರಿಕ್ವೈರ್ಸ್ ಮೌಂಟ್ಸ್ ಫಾರ್ ಎಂಬ ಸಾಲು ಸೇರಿಸಿದರೆ, ಮೌಂಟ್ ಆಗದೆ ಅದು ಶುರುವಾಗುವುದೇ ಇಲ್ಲ.

ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ

ಅಪ್‌ಗ್ರೇಡ್ ಮಾಡುವ ಮೊದಲು ಸ್ನ್ಯಾಪ್‌ಶಾಟ್ ತೆಗೆಯುವುದು ಒಳ್ಳೆಯದು. ಕೆಲಸ ಸರಿಯಾಯಿತು ಅಂದ ಮೇಲೆ ಒಂದೆರಡು ದಿನದಲ್ಲಿ ಅಳಿಸಿಬಿಡಿ. ತಿಂಗಳುಗಟ್ಟಲೆ ಇಟ್ಟರೆ ಬದಲಾವಣೆಯ ಫೈಲ್ ಬೆಳೆಯುತ್ತಾ ಹೋಗುತ್ತದೆ. ಅಳಿಸುವುದು ಎಂದರೆ ಎರಡು ಫೈಲ್‌ಗಳನ್ನು ಕೂಡಿಸುವುದು. ಅದಕ್ಕೆ ಹೋಸ್ಟ್‌ನಲ್ಲಿ ತಾತ್ಕಾಲಿಕವಾಗಿ ಇನ್ನಷ್ಟು ಜಾಗ ಬೇಕು. ಹೋಸ್ಟ್ ತುಂಬಿದ ಮೇಲೆ ಸ್ನ್ಯಾಪ್‌ಶಾಟ್ ಅಳಿಸಿ ಜಾಗ ಮಾಡೋಣ ಎಂದು ಹೊರಟರೆ ಅಲ್ಲೇ ಸಿಕ್ಕಿಬೀಳುತ್ತೀರಿ.

ಮೂಲ ಫೈಲ್ ಕೆಟ್ಟರೆ ಅದರ ಮೇಲಿನ ಸ್ನ್ಯಾಪ್‌ಶಾಟ್‌ಗಳೂ ಕೆಟ್ಟಂತೆ. ಒಂದೇ ಲ್ಯಾಪ್‌ಟಾಪಿನಲ್ಲಿ ಇರುವುದರಿಂದ ಲ್ಯಾಪ್‌ಟಾಪ್ ಹೋದರೆ ಎಲ್ಲವೂ ಹೋಗುತ್ತದೆ. ಡೇಟಾ ಡಿಸ್ಕಿಗೆ ಇನ್ನೊಂದು ಆಯ್ಕೆ ಇದೆ. ಮೀಡಿಯಾ ಮ್ಯಾನೇಜರ್‌ನಲ್ಲಿ ಅದರ ಟೈಪ್ ಅನ್ನು ರೈಟ್‌ಥ್ರೂ ಮಾಡಿದರೆ ಸ್ನ್ಯಾಪ್‌ಶಾಟ್ ಅದನ್ನು ಮುಟ್ಟುವುದಿಲ್ಲ. ಸಿಸ್ಟಮ್ ಹಿಂದಕ್ಕೆ ಹೋದರೂ ಡೇಟಾ ಇವತ್ತಿನದೇ ಇರುತ್ತದೆ. ಡೇಟಾಬೇಸ್ ಆವೃತ್ತಿ ಬದಲಿಸುವ ಅಪ್‌ಗ್ರೇಡ್ ಆದರೆ ಇದು ಉಲ್ಟಾ ಹೊಡೆಯಬಹುದು, ಆಗ ಕೈಯಾರೆ ಡಂಪ್ ತೆಗೆಯಿರಿ.

ಲ್ಯಾಪ್‌ಟಾಪಿಗೆ ಜಾಗ ವಾಪಸ್ ಕೊಡುವುದು

ವಿಎಂ ಒಳಗೆ 20 ಜಿಬಿ ಅಳಿಸಿದಿರಿ. ಹೊರಗೆ ವಿಡಿಐ ಫೈಲ್ ಒಂದಿಷ್ಟೂ ಇಳಿಯಲಿಲ್ಲ. ಇದು ದೋಷ ಅಲ್ಲ. ಲಿನಕ್ಸ್ ಅಳಿಸುವಾಗ ಈ ಜಾಗ ಖಾಲಿ ಎಂದು ಗುರುತು ಹಾಕಿಕೊಳ್ಳುತ್ತದೆ, ಹಳೇ ಬೈಟ್‌ಗಳು ಅಲ್ಲೇ ಇರುತ್ತವೆ. ಹೊರಗಿನ ವರ್ಚುವಲ್‌ಬಾಕ್ಸ್‌ಗೆ ಯಾವುದು ಕಸ, ಯಾವುದು ಸರಕು ಎಂದು ಗೊತ್ತಾಗುವುದಿಲ್ಲ.

ಮೊದಲು ಒಳಗೆ ಗುಡಿಸಿ. ಡಾಕರ್ ಸಿಸ್ಟಮ್ ಡಿಎಫ್ ಕೊಟ್ಟು ಏನು ಎಷ್ಟು ತಿಂದಿದೆ ಎಂದು ನೋಡಿ, ಆಮೇಲೆ ಬಳಕೆಯಲ್ಲಿಲ್ಲದ್ದನ್ನು ಅಳಿಸಲು ಡಾಕರ್ ಸಿಸ್ಟಮ್ ಪ್ರೂನ್. ಇದಕ್ಕೆ ವಾಲ್ಯೂಮ್ಸ್ ಎಂಬ ಆಪ್ಷನ್ ಸೇರಿಸುವ ಮೊದಲು ಎರಡು ಸಲ ಯೋಚಿಸಿ. ನಿಮ್ಮ ಡೇಟಾಬೇಸ್ ಅಲ್ಲಿ ಇರಬಹುದು. ನಂತರ ಖಾಲಿ ಜಾಗಕ್ಕೆ ಸೊನ್ನೆ ತುಂಬಬೇಕು. ಅದಕ್ಕೆ ಜೀರೋಫ್ರೀ ಎಂಬ ಪ್ಯಾಕೇಜ್ ಇದೆ. ಫೈಲ್‌ಸಿಸ್ಟಮ್ ಅನ್‌ಮೌಂಟ್ ಆಗಿರಬೇಕು ಅಥವಾ ರೀಡ್ ಓನ್ಲಿ ಇರಬೇಕು. ಡೇಟಾ ಡಿಸ್ಕ್ ಆದರೆ ಡಾಕರ್ ನಿಲ್ಲಿಸಿ ಅನ್‌ಮೌಂಟ್ ಮಾಡಿದರೆ ಆಯಿತು. ರೂಟ್ ಆದರೆ ರಿಕವರಿ ಮೋಡ್‌ನಲ್ಲಿ ಬೂಟ್ ಆಗಬೇಕು. ಕೊನೆಗೆ ವಿಎಂ ಆಫ್ ಮಾಡಿ, ಹೋಸ್ಟ್‌ನ ಟರ್ಮಿನಲ್‌ನಲ್ಲಿ ವಿಬಾಕ್ಸ್‌ಮ್ಯಾನೇಜ್, ಮಾಡಿಫೈಮೀಡಿಯಂ ಡಿಸ್ಕ್, ವಿಡಿಐ ಫೈಲಿನ ದಾರಿ, ಎರಡು ಹೈಫನ್ ಸೇರಿಸಿ ಕಾಂಪ್ಯಾಕ್ಟ್. ಇದು ಫೈಲನ್ನು ಮಾತ್ರ ಕುಗ್ಗಿಸುತ್ತದೆ. ಒಳಗೆ ಡಿಸ್ಕ್ ಇನ್ನೂ 60 ಜಿಬಿ ಎಂದೇ ಕಾಣುತ್ತದೆ.

ನಕಲು ಮಾಡುವಾಗ

ಪ್ರತಿ ವರ್ಚುವಲ್ ಡಿಸ್ಕಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ವಿಡಿಐ ಫೈಲನ್ನು ಸುಮ್ನೆ ಕಾಪಿ ಪೇಸ್ಟ್ ಮಾಡಿದರೆ ಆ ಸಂಖ್ಯೆಯೂ ನಕಲಾಗುತ್ತದೆ. ಅದೇ ಸಂಖ್ಯೆಯ ಡಿಸ್ಕ್ ಮೊದಲೇ ಇದೆ ಎಂದು ವರ್ಚುವಲ್‌ಬಾಕ್ಸ್ ತಿರಸ್ಕರಿಸುತ್ತದೆ. ಅದೇ ಲ್ಯಾಪ್‌ಟಾಪಿನಲ್ಲಿ ಎರಡನೇ ವಿಎಂ ಬೇಕಿದ್ದರೆ ಮೀಡಿಯಾ ಮ್ಯಾನೇಜರ್‌ನ ಕಾಪಿ ಬಟನ್ ಬಳಸಿ. ಅದು ಹೊಸ ಸಂಖ್ಯೆ ಕೊಡುತ್ತದೆ. ಸಹೋದ್ಯೋಗಿಗೆ ಇಡೀ ವಿಎಂ ಕೊಡುವುದಾದರೆ ಎಕ್ಸ್‌ಪೋರ್ಟ್ ಅಪ್ಲೈಯನ್ಸ್ ಮಾಡಿ ಒವಿಎ ಫೈಲ್ ಕೊಡಿ. ಕೊಡುವ ಮೊದಲು ಒಳಗಿನ ಎಸ್‌ಎಸ್‌ಎಚ್ ಕೀ, ಪಾಸ್‌ವರ್ಡ್ ಇರುವ ಎನ್ವ್ ಫೈಲ್, ಶೆಲ್ ಹಿಸ್ಟರಿ ಮೂರನ್ನೂ ತೆಗೆಯಿರಿ. ಅವನ್ನು ಅಳಿಸಿದ ಮೇಲೂ ಜೀರೋಫ್ರೀ ಓಡಿಸಿ. ಅಳಿಸಿದ ಫೈಲಿನ ಬೈಟ್‌ಗಳು ಡಿಸ್ಕಿನಲ್ಲಿ ಹಾಗೇ ಉಳಿದಿರುತ್ತವೆ, ಹುಡುಕುವವರಿಗೆ ಸಿಗುತ್ತವೆ.